ಕರೇಬನ್ನಿಹಾಳದ ಎರವಲು ಜನರೇಟರ್

ಕರೇಬನ್ನಿಹಾಳಕ್ಕೆ ಒಂದು ಹಳ್ಳವಿದೆ. ಹಡಗಲಿಗೆ ಹೋಗುವ ರಸ್ತೆ ಆ ಹಳ್ಳದೊಳಗೆ ಇಳಿದು ಆಚೆ ದಡ ಹತ್ತುತ್ತದೆ. ಬೇಸಿಗೆಯಲ್ಲಿ ಅಲ್ಲಿ ಕುರಿಗಳು ಮಲಗುತ್ತವೆ. ಮಳೆಗಾಲದಲ್ಲಿ ಸ್ವಲ್ಪ ಹೊತ್ತು ಜೋರು ಮಳೆ ಬಿದ್ದರೆ ಸಾಕು, ಹಳ್ಳ ತುಂಬಿ ತುಂಗಭದ್ರೆಯ ಕಡೆ ಓಡುತ್ತದೆ. ಬಸ್ಸು ಆಚೆ ದಡದಲ್ಲೇ ತಿರುಗಿ ಹೋಗುತ್ತದೆ. ಅದೇ ಹೊತ್ತಿಗೆ ಕರೆಂಟೂ ಹೋಗುತ್ತದೆ. ಇದು ಪ್ರತಿ ವರ್ಷದ ಮಾತು. ಊರವರು ಇದನ್ನು ತೊಂದರೆ ಎಂದು ಕರೆಯುವುದಿಲ್ಲ. ಮಳೆಗಾಲ ಎನ್ನುತ್ತಾರೆ, ಅಷ್ಟೆ.

ಹಳ್ಳದ ಈಚೆ, ಊರು ಶುರುವಾಗುವಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರವಿದೆ. ಸುತ್ತಲಿನ ಹಳ್ಳಿಗಳ ಹೆರಿಗೆಗಳು ಅಲ್ಲೇ ಆಗುತ್ತವೆ. ಡಾಕ್ಟರು ದಿನಾ ಹಡಗಲಿಯಿಂದ ಬಂದು ಹೋಗುತ್ತಾರೆ. ನರ್ಸ್ ನಾಗಲಿಂಗಮ್ಮ ಮಾತ್ರ ಹಿಂದಿನ ಕ್ವಾರ್ಟರ್ಸಿನಲ್ಲೇ ಇರುತ್ತಾರೆ.

ಮೇ ತಿಂಗಳಲ್ಲಿ ಜಿಲ್ಲೆಯಿಂದ ಸುದ್ದಿ ಬಂತು. ಒಂದು ತಂಡ ಬಂದು ಆಸ್ಪತ್ರೆಯನ್ನು ಅಳೆಯುತ್ತದೆಯಂತೆ. ಆರೋಗ್ಯ ಸಮಿತಿಯವರನ್ನು ನಾಗಲಿಂಗಮ್ಮ ಆಸ್ಪತ್ರೆಯ ಪಡಸಾಲೆಗೆ ಕರೆಸಿದರು. ಸಮಿತಿಯ ಹಿರಿಯ ಪಾಲಾಕ್ಷಪ್ಪ. ಕುರಿ ಹಿಂಡಿನ ಯಜಮಾನ, ಊರಲ್ಲಿ ನಾಲ್ಕು ಜನ ಮಾತು ಕೇಳುವ ಮನುಷ್ಯ.

"ಏನ್ ಅಳಿತಾರಂತ ಸಿಸ್ಟರಮ್ಮ? ಕಟ್ಟಡಾನ?" ಎಂದು ಕೇಳಿದ.

"ಕಟ್ಟಡ ಅಲ್ರಿ ಪಾಲಾಕ್ಷಣ್ಣ. ಕಷ್ಟ ಬಂದಾಗ ಆಸ್ಪತ್ರಿ ಎಷ್ಟು ತಾಳತೈತಿ ಅಂತ ಅಳಿತಾರ. ಕರೆಂಟ್ ಹೋದ್ರ ಎಷ್ಟೊತ್ತು ನಡಿತೈತಿ, ದಾರಿ ಕಡದ್ರ ಔಷಧ ಎಷ್ಟು ದಿನ ಬರತಾವ, ನಾ ಜ್ವರ ಬಂದು ಮಲಕೊಂಡ್ರ ನನ್ ಕೆಲ್ಸ ಯಾರು ಮಾಡ್ತಾರ. ಇಂಥಾವು."

"ಮಾರ್ಕ್ಸ್ ಕೊಡ್ತಾರೇನು?"

"ಕೊಡ್ತಾರ. ನೂರಕ್ಕ ಇಷ್ಟು ಅಂತ."

ಮಾರ್ಕ್ಸು ಎಂದ ಕೂಡಲೇ ಪಾಲಾಕ್ಷಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. "ಹಂಗಾರ ನಮ್ಮೂರು ತಾಲೂಕಿಗೇ ಮೊದಲ್ನೇದು ಬರಬೇಕು."

"ಹೆಂಗ ಬರತೈತ್ರಿ? ಜನರೇಟರ್ ಕೆಟ್ಟು ವರ್ಷಾನುಗಟ್ಟಲೆ ಆತು. ಅದರಾಗ ಇಲಿ ಮರಿ ಹಾಕ್ಯಾವ. ಇನ್ವರ್ಟರ್ ಹೆಸರಿಗೈತಿ. ಕೂಸಿನ್ನ ಬೆಚ್ಚಗಿಡೋ ಮಿಷನ್ ಅದರ ಮ್ಯಾಲೆ ನಡಿಯಂಗಿಲ್ಲ."

"ಅದಕ್ಯಾಕ ಇಷ್ಟು ಚಿಂತಿ? ರಾಜಾಸಾಬ್ ಇಲ್ಲೇನು?"

ರಾಜಾಸಾಬ್ ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದ. ಮೋಟಾರು ರಿಪೇರಿ ಮಾಡುವವನು. ಮದುವೆ ಮನೆಗಳಿಗೆ ಲೈಟು, ಮೈಕು, ಜನರೇಟರು ಬಾಡಿಗೆ ಕೊಡುತ್ತಾನೆ.

"ಲೇ ಸಾಬ, ನಿನ್ ಜನರೇಟರ್ ಒಂದಿನ ಬೇಕಲೇ."

"ಯಾರ ಮದ್ವಿ?"

"ಆಸ್ಪತ್ರೀದು."

ಎಲ್ಲರೂ ನಕ್ಕರು. ನಾಗಲಿಂಗಮ್ಮ ನಗಲಿಲ್ಲ. "ಅವರು ಬರಾದು ಇಲ್ಲಿ ಯಾವ್ಯಾವುದು ಇಲ್ಲ ಅಂತ ತಿಳಕೊಳ್ಳಾಕ. ನೀವು ಇಲ್ಲದ್ದನ್ನ ಐತಿ ಅಂತ ತೋರಿಸಿದ್ರ ಅವರು ಬಂದೇನು ಉಪಯೋಗ?"

"ಊರ ಮರ್ಯಾದಿ ಐತಿ ಸಿಸ್ಟರಮ್ಮ. ನೀನು ಮುಂದಿನ ವರ್ಷ ವರ್ಗ ಆಗಿ ಹೊಕ್ಕಿ. ನಾವು ಇಲ್ಲೇ ಇರೋರು."

ಮಾತು ಅಲ್ಲಿಗೆ ಮುಗಿಯಿತು.

ಪಾಲಾಕ್ಷಪ್ಪನಿಗೆ ಇದು ಹೊಸ ಕೆಲಸವಲ್ಲ. ಈ ಸೀಮೆಯಲ್ಲಿ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಬಂದಾಗ ಪಕ್ಕದ ಮನೆಯ ಕುರ್ಚಿ, ಎದುರು ಮನೆಯ ಸ್ಟೀಲ್ ಲೋಟ ತಂದಿಡುವುದು ಎಲ್ಲರೂ ಮಾಡುವುದೇ. ಯಾರೂ ಅದನ್ನು ಮೋಸ ಎನ್ನುವುದಿಲ್ಲ. ನಾಲ್ಕು ವರ್ಷದ ಹಿಂದೆ ಕೊಟ್ಟೂರು ಕಡೆಯಿಂದ ಹೆಣ್ಣಿನವರು ಬಂದಾಗ ಪಾಲಾಕ್ಷಪ್ಪ ಒಂದು ಹೆಜ್ಜೆ ಮುಂದೆ ಹೋಗಿ ರಾಜಾಸಾಬನ ಫ್ರಿಜ್ಜನ್ನೇ ತಂದು ನಡುಮನೆಯಲ್ಲಿ ನಿಲ್ಲಿಸಿದ್ದ. ಹುಡುಗಿಯ ತಾಯಿ ಬಾಗಿಲು ತೆಗೆದು ಒಳಗೆ ಕೈ ಇಟ್ಟು ನೋಡಿದಳು. ತಣ್ಣಗಿತ್ತು. ಸಂಬಂಧ ಕೂಡಿತು. ಮದುವೆಯಾಗಿ ಮೂರನೇ ದಿನ ರಾಜಾಸಾಬ್ ತಳ್ಳುಗಾಡಿ ತಂದ. ಹೊಸ ಸೊಸೆ ಭೂಮಿಕಾ ಆಗಷ್ಟೇ ಫ್ರಿಜ್ಜಿನಲ್ಲಿ ಮಜ್ಜಿಗೆ ಇಡುತ್ತಿದ್ದಳು. ಅವಳು ಮಜ್ಜಿಗೆ ಚೆರಿಗೆ ತೆಗೆದು ಕೈಯಲ್ಲಿ ಹಿಡಿದು ನಿಂತಳು. ಫ್ರಿಜ್ಜು ಹೊಸ್ತಿಲು ದಾಟಿ ಹೋಯಿತು.

ಆ ಭೂಮಿಕಾ ಈಗ ತುಂಬು ಗರ್ಭಿಣಿ. ಮೊದಲ ಬಾಣಂತನ ತವರಿನಲ್ಲಾಗಿತ್ತು. ಇದು ಎರಡನೆಯದು, ಗಂಡನ ಮನೆಯಲ್ಲೇ ಆಗಬೇಕು. ಗಂಡ ಗವಿಸಿದ್ದೇಶ್ ಲಾರಿಯ ಮೇಲೆ ಹೋದರೆ ವಾರಗಟ್ಟಲೆ ಬರುವುದಿಲ್ಲ. ಹೆರಿಗೆ ಎಲ್ಲಿ ಎಂಬ ಪ್ರಶ್ನೆ ಬಂದಾಗ ಪಾಲಾಕ್ಷಪ್ಪ, "ಮನಿ ಮುಂದ ಆಸ್ಪತ್ರಿ ಇಟಗೊಂಡು ಬ್ಯಾರೆ ಊರಿಗೆ ಯಾಕ?" ಎಂದಿದ್ದ.

ತಂಡ ಬರುವ ಹಿಂದಿನ ದಿನ ಅವನು ಊಟಕ್ಕೆ ಕುಳಿತಾಗ ಹೆಂಡತಿ ಜಂಬಕ್ಕ ಪಲ್ಯ ಹಾಕುತ್ತಾ ಕೇಳಿದಳು.

"ರಾಜಾಸಾಬನ ಜನರೇಟರ್ ಆಸ್ಪತ್ರಿಗೆ ತರ್ಸಾಕ ಹತ್ತೀರಂತ?"

"ಹೂಂ."

"ವಾಪಸ್ ಯಾವಾಗ ಹೊಕ್ಕೈತಿ?"

"ನಾಳೆ ಸಂಜೀಕ. ಇಟಗಿಯಾಗ ಮದ್ವಿ ಐತಂತ."

"ಮತ್ತ ಭೂಮಿಕಾನ ಹೆರಿಗಿ ದಿನ ಕರೆಂಟ್ ಹೋದ್ರ?"

"ಹೋದಾಗ ನೋಡಾಣು."

ಜಂಬಕ್ಕ ಪಲ್ಯದ ಪಾತ್ರೆ ಕೆಳಗಿಟ್ಟಳು. "ಕಂಬಳಿ ತರಾಕ ಹೋದ್ರ ನೀವೇನು ಮಾಡ್ತೀರಿ? ನಾಕು ಮೂಲಿ ಹಿಡಿಸಿ ನಡುವ ಒಂದು ಕೊಡ ನೀರು ಸುರುವಿ ನಿಂದರ್ತೀರಿ. ನೇಯ್ದವ ಬೈದ್ರೂ ಬಿಡಂಗಿಲ್ಲ. ಕೆಳಗ ಒಂದು ಹನಿ ತೊಟ್ಟಿಕ್ಕಿದ್ರ ಕಂಬಳಿ ವಾಪಸ್. ಹೌದಲ್ಲ?"

"ಮತ್ತ? ಮಳ್ಯಾಗ ಹೊದ್ಕೊಳ್ಳೋದು ಅದನ್ನ. ಬಿಸಲಾಗ ಹರವಿ ನೋಡಿದ್ರ ಎಲ್ಲಾ ಕಂಬಳಿನೂ ಚಂದ ಕಾಣ್ತಾವ."

"ನೇಯ್ದವ ಕಂಬಳಿ ಒಳಗ ಪ್ಲಾಸ್ಟಿಕ್ ಹಾಳಿ ಇಟ್ಟು, ನೋಡ್ರಿ ಸೋರಂಗಿಲ್ಲ ಅಂದ್ರ?"

"ಕಪಾಳಕ್ಕ ಕೊಡ್ತೀನಿ."

"ನಾಳೆ ನೀವು ಇಡಾದು ಅದ ಹಾಳಿನ."

ಪಾಲಾಕ್ಷಪ್ಪ ರೊಟ್ಟಿ ಮುರಿದು ಬಾಯಿಗಿಟ್ಟ. ಅಡುಗೆಮನೆ ಬಾಗಿಲಲ್ಲಿ ನಿಂತು ಭೂಮಿಕಾ ಹೇಳಿದಳು, "ಮಾವಾರ, ಇದ್ದದ್ದು ಇದ್ದಂಗ ತೋರಿಸ್ರಿ. ಅಲ್ಲಿ ಹೆರಾಕಿ ನಾನು."

ಅವನು ಇನ್ನೊಂದು ತುಂಡು ರೊಟ್ಟಿ ಮುರಿದ. "ಅದು ಬ್ಯಾರೆ, ಇದು ಬ್ಯಾರೆ" ಎಂದ.

ಮರುದಿನ ಬೆಳಿಗ್ಗೆ ಜನರೇಟರು ಆಸ್ಪತ್ರೆಯ ಹಿಂದೆ ಬಂದು ನಿಂತಿತು. ಅದರ ಮೈಮೇಲೆ ದೊಡ್ಡ ಕೆಂಪಕ್ಷರದಲ್ಲಿ 'ರಾಜಾಸಾಬ್ ಸೌಂಡ್ಸ್ ಅಂಡ್ ಲೈಟಿಂಗ್ಸ್' ಎಂದಿತ್ತು. ಅದಕ್ಕೆ ಆಸ್ಪತ್ರೆಯ ಹಸಿರು ಹಾಸಿಗೆಬಟ್ಟೆ ಹೊದಿಸಿ, ಮೇಲೊಂದು ಚೆಂಡುಹೂವಿನ ಹಾರ ಹಾಕಿದರು. ಹೊಸದೆಂದು ತಿಳಿಯಲಿ ಎಂದು ಕುಂಕುಮವನ್ನೂ ಹಚ್ಚಿದರು.

ತಂಡದಲ್ಲಿ ಮೂವರಿದ್ದರು. ಮುಖ್ಯಸ್ಥೆ ಡಾಕ್ಟರ್ ಶಿವಲೀಲಾ. ಅವರು ಔಷಧದ ಕೋಣೆ ನೋಡಿದರು, ನೀರಿನ ಟ್ಯಾಂಕು ನೋಡಿದರು, ಲಸಿಕೆ ಇಡುವ ಪೆಟ್ಟಿಗೆ ನೋಡಿದರು. ಆಮೇಲೆ ಮೇನ್ ಸ್ವಿಚ್ ಆರಿಸಲು ಹೇಳಿದರು. ಫ್ಯಾನು ನಿಂತಿತು. ಹಿಂದುಗಡೆ ರಾಜಾಸಾಬ್ ಹ್ಯಾಂಡಲ್ ತಿರುವಿದ. ಜನರೇಟರು ಗುಡುಗಿತು. ಫ್ಯಾನು ಮತ್ತೆ ತಿರುಗಿತು. ಪಡಸಾಲೆಯಲ್ಲಿದ್ದವರು ಚಪ್ಪಾಳೆ ಹೊಡೆದರು.

"ತುಂಬಾ ಚೆನ್ನಾಗಿದೆ. ಇಂಥ ವ್ಯವಸ್ಥೆ ಇರೋ ಕಡೆ ನಾವೇನೂ ಕೊಡೋ ಹಾಗಿಲ್ಲ. ಕೊಡೋದನ್ನ ಇಲ್ಲದವರಿಗೆ ಕೊಡ್ತೀವಿ" ಎಂದರು ಶಿವಲೀಲಾ.

ನಾಗಲಿಂಗಮ್ಮ ನೆಲ ನೋಡಿದರು. ಪಾಲಾಕ್ಷಪ್ಪ ಮೀಸೆಯ ಮೇಲೆ ಕೈ ಎಳೆದ.

ಅದು ಗರ್ಭಿಣಿಯರ ತಪಾಸಣೆಯ ದಿನ. ಭೂಮಿಕಾ ಬೆಂಚಿನ ಮೇಲೆ ಕುಳಿತಿದ್ದಳು. ಎದ್ದು ನಿಂತಳು.

"ಮೇಡಂ, ಒಂದು ಮಾತು ಕೇಳ್ತೀನ್ರಿ. ನಂಗ ಈ ತಿಂಗಳು ಕಳದ ಮ್ಯಾಲೆ ದಿನ ಐತಿ. ಆ ಜನರೇಟರ್ ಇವತ್ತು ಸಂಜೀಕ ಇಟಗಿ ಮದ್ವಿಗೆ ಹೊಕ್ಕೈತಿ. ನಾ ಹೆರೋ ದಿನ ಅದು ಯಾರ ಮದ್ವ್ಯಾಗ ಇರತೈತೋ ಗೊತ್ತಿಲ್ಲ. ನಾ ಏನ್ ಮಾಡ್ಲಿ?"

ಜನರೇಟರಿನ ಸದ್ದಿನಲ್ಲೂ ಆ ಮಾತು ಎಲ್ಲರಿಗೂ ಕೇಳಿಸಿತು.

"ಏಯ್ ಭೂಮಿಕಾ!" ಪಾಲಾಕ್ಷಪ್ಪ ಕೂಗಿದ. "ಕುಂದರ ಸುಮ್ನ!"

"ಫ್ರಿಜ್ ಹೋದಾಗ ಸುಮ್ನ ನಿಂತಿದ್ದೆ ಮಾವಾರ. ಮಜ್ಜಿಗಿ ಹುಳಿ ಆತು, ಅಷ್ಟ. ಇದು ಹಂಗಲ್ಲ."

ಶಿವಲೀಲಾ ಹಿಂದುಗಡೆ ಹೋಗಿ ಹಸಿರು ಬಟ್ಟೆ ಎತ್ತಿದರು. ಕೆಂಪಕ್ಷರ ಓದಿದರು. ರಾಜಾಸಾಬ್ ಹಲ್ಲು ಕಿರಿದು, "ಮೇಡಂ, ನಿಮ್ ಕಡೀಗೆ ಏನಾರ ಫಂಕ್ಷನ್ ಇದ್ರ ಹೇಳ್ರಿ" ಎಂದ. ಅವರು ನಗು ತಡೆದುಕೊಂಡು ಜನರೇಟರು ಆರಿಸಲು ಹೇಳಿದರು.

"ಈಗ ನಿಮ್ಮದು ಅಂತ ಏನಿದೆಯೋ ಅದರ ಮೇಲೆ ನಡೆಸಿ ತೋರಿಸಿ."

"ಇನ್ವರ್ಟರ್ ಐತ್ರಿ, ಅದ ಸಾಕು!" ಎಂದ ಪಾಲಾಕ್ಷಪ್ಪ. ಸಿಟ್ಟಿನಿಂದ ಕಿವಿ ಕೆಂಪಾಗಿತ್ತು. ಹೆರಿಗೆ ಕೋಣೆಗೆ ಎಲ್ಲರಿಗಿಂತ ಮುಂದೆ ಅವನೇ ಹೋದ. ಅಂದು ಒಳಗೆ ಯಾರೂ ಇರಲಿಲ್ಲ. ಮೂಲೆಯಲ್ಲಿ ಹುಟ್ಟಿದ ಮಗುವನ್ನು ಬೆಚ್ಚಗಿಡುವ ಯಂತ್ರವಿತ್ತು. ಮೇಲೆ ಕಾಯಿಸುವ ಸರಳು, ಕೆಳಗೆ ಚಿಕ್ಕ ಹಾಸಿಗೆ. ಆಗಲೇ ಪರೀಕ್ಷೆಗೆಂದು ಹಾಕಿದ್ದರು. ಪಾಲಾಕ್ಷಪ್ಪ ಹಾಸಿಗೆಯ ಮೇಲೆ ಅಂಗೈ ಊರಿದ.

"ನೋಡ್ರಿ. ಬೆಚ್ಚಗೈತಿ. ಲೈಟೂ ಉರಿಯಾಕ ಹತ್ತೈತಿ. ಮತ್ತೇನು ಬೇಕು?"

"ಕೈ ಅಲ್ಲೇ ಇಟ್ಟಿರಿ" ಎಂದರು ಶಿವಲೀಲಾ.

ಅವನು ಇಟ್ಟ. ಮೊದಲು ಅವನು ಮಾತಾಡುತ್ತಿದ್ದ. ಹಿಂದೆ ಈ ಕಟ್ಟಡಕ್ಕೆ ಊರವರು ಕಲ್ಲು ಹೊತ್ತದ್ದು, ಜಾಗ ಬಿಟ್ಟುಕೊಟ್ಟದ್ದು ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ಮಾತು ಸಣ್ಣದಾಯಿತು. ಮೇಲಿನ ಸರಳು ಕಪ್ಪಾಗಿತ್ತು. ಹಾಸಿಗೆ ಉಗುರುಬೆಚ್ಚಗಾಯಿತು. ಆಮೇಲೆ ಅದೂ ಇರಲಿಲ್ಲ. ಅಂಗೈಗೆ ಬರಿಯ ರೆಕ್ಸಿನ್ ತಗುಲಿತು. ಸ್ವಲ್ಪ ಹೊತ್ತಿಗೆ ಬಲ್ಬು ಕೆಂಪಾಗಿ, ಮಿಣುಕಿ, ಆರಿತು. ಹೊರಗೆ ಹಗಲಿತ್ತು, ಆದರೆ ಕಿಟಕಿಯ ಕದ ಮುಚ್ಚಿತ್ತು. ಒಳಗೆ ನಾಗಲಿಂಗಮ್ಮನ ಬಿಳಿ ಸೀರೆ ಮಾತ್ರ ಕಾಣುತ್ತಿತ್ತು.

"ಮಳೆಗಾಲದಾಗ ಹಿಂಗ ಆಗಾದೇನು ಸಿಸ್ಟರಮ್ಮ?" ಕತ್ತಲಲ್ಲೇ ಕೇಳಿದ ಪಾಲಾಕ್ಷಪ್ಪ.

"ಹಿಂಗ ಆಗಾದು. ಕೂಸಿನ್ನ ತಾಯಿ ಎದಿಗೆ ಹಚ್ಚಿ, ಮ್ಯಾಲೆ ಬಟ್ಟಿ ಹೊದಿಸಿ ಕಾಯ್ತೀನಿ. ಆರಾಮ ಇದ್ದ ಕೂಸಿಗೆ ಅದು ಒಳ್ಳೇದ. ಸಣ್ಣ ಕೂಸು, ಅಳದ ಕೂಸು ಬಂದ್ರ ಅಷ್ಟ ಸಾಲಂಗಿಲ್ರಿ. ಬೆಳಕು ಬೇಕು, ಆ ಮಿಷನ್ ಬೇಕು. ಹ್ವಾದ ಮಳೆಗಾಲದಾಗ ರಾಜಾಸಾಬನ ಮಗಳು ತಮನ್ನಾ ಹೆತ್ತಿದ್ದು ಮೊಬೈಲ್ ಬ್ಯಾಟರಿ ಬೆಳಕಿನ್ಯಾಗ. ಆಯಾ ಮೊಬೈಲ್ ಹಿಡದು ನಿಂತಿದ್ಳು."

ಬಾಗಿಲಲ್ಲಿ ನಿಂತಿದ್ದ ರಾಜಾಸಾಬನ ಹಲ್ಲು ಒಳಗೆ ಹೋಯಿತು. ಅಂದು ಅವನ ಜನರೇಟರು ಹರಪನಹಳ್ಳಿಯ ಒಂದು ನಿಶ್ಚಿತಾರ್ಥದಲ್ಲಿ ಬಣ್ಣದ ಸರ ಉರಿಸುತ್ತಿತ್ತು. ಅದು ಅವನಿಗೆ ನೆನಪಿತ್ತು.

ಪಾಲಾಕ್ಷಪ್ಪ ಹಾಸಿಗೆಯಿಂದ ಕೈ ತೆಗೆದ. ತೆಗೆದ ಕೈಯನ್ನು ನೋಡಿಕೊಂಡ. ಬಾಗಿಲ ಬೆಳಕಿನಲ್ಲಿ ಹೊಟ್ಟೆ ಹಿಡಿದು ನಿಂತ ಸೊಸೆಯನ್ನು ನೋಡಿದ.

"ಬರಕೊಳ್ರಿ ಮೇಡಂ" ಎಂದ. "ನಮ್ ಕಂಬಳಿ ಸೋರತೈತಿ ಅಂತ ಬರಕೊಳ್ರಿ."

ಮೇಡಂಗೆ ಕಂಬಳಿಯ ವಿಷಯ ಗೊತ್ತಿರಲಿಲ್ಲ. ಆದರೂ ಅರ್ಥವಾಯಿತು.

ಪಡಸಾಲೆಗೆ ಬಂದು ಅವರು ಎಲ್ಲರಿಗೂ ಬಿಡಿಸಿ ಹೇಳಿದರು. "ನಾವು ನಿಮಗೆ ಬಹುಮಾನ ಕೊಡೋಕೆ ಬಂದಿಲ್ಲ, ಬೈಯೋಕೂ ಬಂದಿಲ್ಲ. ಒಳ್ಳೆ ದಿನದಲ್ಲಿ ಎಲ್ಲ ಆಸ್ಪತ್ರೆನೂ ನಡೆಯುತ್ತೆ. ಕೆಟ್ಟ ದಿನ ಯಾವುದು ಮೊದಲು ನಿಲ್ಲುತ್ತೆ, ಅದನ್ನ ಎಷ್ಟು ಬೇಗ ಮತ್ತೆ ಶುರು ಮಾಡ್ತೀರಿ, ಅಷ್ಟೇ ನಮ್ಮ ಅಳತೆ. ಅಂಕ ಕಮ್ಮಿ ಬಂದ ಕಡೆಗೇ ನಾವು ಮೊದಲು ಸಾಮಾನು, ಸಿಬ್ಬಂದಿ ಕಳಿಸ್ತೀವಿ. ಸುಳ್ಳು ಅಂಕ ತಗೊಂಡ ಊರಿಗೆ ಕಷ್ಟ ಬಂದ ದಿನ ಕಾಗದ ಮಾತ್ರ ಇರುತ್ತೆ."

ಕರೇಬನ್ನಿಹಾಳಕ್ಕೆ ನೂರಕ್ಕೆ ಮೂವತ್ತೊಂದು ಬಂತು.

ಮನೆಗೆ ಬರುವಾಗ ದಾರಿಯಲ್ಲಿ ಪಾಲಾಕ್ಷಪ್ಪ, "ಅಷ್ಟು ಮಂದಿ ಮುಂದ ಹೇಳಬೇಕಿತ್ತಾ? ಮನ್ಯಾಗ ಹೇಳಬಹುದಿತ್ತಲ್ಲ" ಎಂದ.

"ಹೇಳಿದ್ದೆ ಮಾವಾರ. ನೀವು ರೊಟ್ಟಿ ಮುರಿತಿದ್ರಿ."

ಅವನು ಟವೆಲ್ ಕೊಡವಿ ಮುಂದೆ ನಡೆದ.

ಮಾತಾಡುವವರು ಊರಲ್ಲಿ ಬೇಕಾದಷ್ಟು ಜನರಿದ್ದರು. ಚಾದಂಗಡಿಯಲ್ಲಿ ಸೋಮಪ್ಪ ಎಂಬವನು ಕಾಲು ಅಲ್ಲಾಡಿಸುತ್ತ ಕುಳಿತಿದ್ದ. "ಏನ್ ಪಾಲಾಕ್ಷಣ್ಣ, ನಿನ್ ಆಸ್ಪತ್ರಿ ಫೇಲಂತಲ್ಲ? ಸೊಸಿನ ಮಾರ್ಕ್ಸ್ ಕಳದಳಂತ?"

"ಫೇಲಾಗಿದ್ದು ಆಸ್ಪತ್ರಿ ಅಲ್ಲಲೇ ಸೋಮ್ಯಾ. ನಾನು, ನೀನು. ಹ್ವಾದ ವರ್ಷ ಮಳ್ಯಾಗ ಅಲ್ಲಿ ಹೆಣ್ಮಗಳು ಕತ್ತಲಾಗ ಹೆರತಿದ್ರ ನೀ ಇಲ್ಲೇ ಕುಂತು ಮಿರ್ಚಿ ತಿಂತಿದ್ದಿ. ನಾನೂ ತಿಂತಿದ್ದೆ. ಏಳು, ಪಂಚಾಯ್ತಿಗೆ ಬಾ."

ಸೋಮಪ್ಪ ಚಹಾ ಮುಗಿಸಿ ಎದ್ದ.

ಸರ್ಕಾರದ ಕೆಲಸ ಸರ್ಕಾರದ ಹೆಜ್ಜೆಯಲ್ಲೇ ನಡೆಯಿತು. ಇನ್ವರ್ಟರಿಗೆ ಹೊಸ ಬ್ಯಾಟರಿ ಮಂಜೂರಾಯಿತು. ಜನರೇಟರಿನ ಬೇಡಿಕೆ ಮೇಲಕ್ಕೆ ಹೋಯಿತು, ಬರುವುದು ತಡವಾಗುತ್ತದೆ ಎಂದರು. ಜೂನ್ ಮೊದಲಿಗೇ ಬೀಳುವ ಮಿರಗದ ಮಳೆ ತಡ ಮಾಡುವುದಿಲ್ಲ. ಅದಕ್ಕೇ ಊರವರು ಕುಳಿತು ತಮ್ಮ ಕೈಲಾಗುವುದನ್ನು ಗೊತ್ತು ಮಾಡಿಕೊಂಡರು. ಮಳೆಗಾಲ ಮುಗಿಯುವ ತನಕ ರಾಜಾಸಾಬನ ಜನರೇಟರು ಆಸ್ಪತ್ರೆಯ ಹಿಂದೆಯೇ ಇರಬೇಕು. ಡೀಸೆಲ್ಲು ಪಂಚಾಯಿತಿಯದು. ರಾಜಾಸಾಬ್ ಒಂದು ಮದುವೆಯ ಮಾತು ಎತ್ತಿದ್ದಕ್ಕೆ ಅವನ ಹೆಂಡತಿ ಜೋಹರಾಬಿ ಬಾಗಿಲಲ್ಲೇ ನಿಂತು ಬೈದಳು.

"ಮದ್ವಿ ಮನಿಯೋರು ಪೆಟ್ರೊಮ್ಯಾಕ್ಸ್ ಹಚ್ಕೊಂಡ್ರೂ ತಾಳಿ ಕಟ್ತಾರ. ನಮ್ ತಮನ್ನಾ ಆವತ್ತು ಕತ್ತಲಾಗ ಹೆಂಗ ಒದರಿದ್ಳು, ಮರ್ತೇನು?"

ರಾಜಾಸಾಬ್ ಮರೆತಿರಲಿಲ್ಲ.

ನಾಗಲಿಂಗಮ್ಮ ಮತ್ತು ಆಯಾ ಇಬ್ಬರೂ ಜನರೇಟರು ಚಾಲೂ ಮಾಡುವುದನ್ನು ಕಲಿತರು. ಮೊದಲ ದಿನ ನಾಗಲಿಂಗಮ್ಮನ ಮಣಿಕಟ್ಟು ಉಳುಕಿತು. ಆಮೇಲೆ ಹದ ಸಿಕ್ಕಿತು. ಪ್ರತಿ ಶನಿವಾರ ಬೇಕೆಂದೇ ಮೇನ್ ಸ್ವಿಚ್ ಆರಿಸುತ್ತಿದ್ದರು. ಕರೆಂಟಿಲ್ಲದೆ ಏನು ನಿಲ್ಲುತ್ತದೆ ಎಂದು ನೋಡುತ್ತಿದ್ದರು. ಒಂದು ಶನಿವಾರ ಡೀಸೆಲ್ ಡಬ್ಬಿಯ ಕೋಣೆಯ ಕೀಲಿ ಸಿಗಲಿಲ್ಲ. ಅಂದಿನಿಂದ ಕೀಲಿ ಗೋಡೆಯ ಮೊಳೆಗೆ ಬಂತು. ಹೀಗೆ ಹುಡುಕುವುದಕ್ಕೇ ಅಳತೆ ಎನ್ನುವುದು.

ಹಳ್ಳಕ್ಕೆ ಮಾತ್ರ ಊರವರ ಬಳಿ ಮದ್ದಿರಲಿಲ್ಲ. ದಿನ ಹತ್ತಿರ ಬಂದ ಗರ್ಭಿಣಿಯರು ಮಳೆಗೆ ಮೊದಲೇ ಹಳ್ಳ ದಾಟಿ ಹಡಗಲಿಯಲ್ಲಿರಬೇಕು ಎಂದು ಶಿವಲೀಲಾ ಹೇಳಿ ಹೋಗಿದ್ದರು. ಪಾಲಾಕ್ಷಪ್ಪನ ತಂಗಿಯ ಮನೆ ಹಡಗಲಿಯಲ್ಲಿತ್ತು. ಸೋಮವಾರ ಭೂಮಿಕಾಳನ್ನು ಅಲ್ಲಿಗೆ ಬಿಟ್ಟು ಬರುವುದೆಂದು ನಿಶ್ಚಯವಾಯಿತು. ಜಂಬಕ್ಕ ಬಟ್ಟೆಯ ಗಂಟು ಕಟ್ಟಿಟ್ಟಳು.

ಮಳೆ ಭಾನುವಾರವೇ ಬಂತು.

ನಸುಕಿನಲ್ಲಿ ಹಿಡಿದದ್ದು ಹೊತ್ತೇರಿದರೂ ಬಿಡಲಿಲ್ಲ. ಕರೆಂಟು ಹೋಯಿತು. ಹಳ್ಳದ ಸದ್ದು ಊರೊಳಗೆ ಕೇಳಿಸತೊಡಗಿತು. ಅದೇ ಹೊತ್ತಿಗೆ ಭೂಮಿಕಾಳಿಗೆ ನೋವು ಕಾಣಿಸಿತು. ಲೆಕ್ಕಕ್ಕಿಂತ ಮೊದಲೇ. ನೂರಾ ಎಂಟಕ್ಕೆ ಫೋನ್ ಮಾಡಿದರು. ಆಂಬುಲೆನ್ಸ್ ಬಂತು. ಹಳ್ಳದ ಆಚೆ ದಡದಲ್ಲಿ ನಿಂತಿತು. ಅದರ ನೀಲಿ ದೀಪ ಈಚೆ ದಡಕ್ಕೆ ಕಾಣುತ್ತಿತ್ತು. ಅದರಿಂದ ಅಷ್ಟೇ ಉಪಯೋಗ.

ಜಂಬಕ್ಕ ಸೊಸೆಗೆ ಕಂಬಳಿ ಹೊದಿಸಿ ಆಸ್ಪತ್ರೆಗೆ ನಡೆಸಿಕೊಂಡು ಬಂದಳು. ಪಾಲಾಕ್ಷಪ್ಪ ಹಿಂದೆ ಬಂದ. ಅವರು ಹೊಸ್ತಿಲು ತುಳಿಯುವ ಮೊದಲೇ ಹಿಂದುಗಡೆ ಜನರೇಟರು ಗುಡುಗಿತ್ತು. ನಾಗಲಿಂಗಮ್ಮ ತಾವೇ ತಿರುವಿ, ಕೈ ತೊಳೆದು, ಹೆರಿಗೆ ಕೋಣೆಯಲ್ಲಿ ಸಿದ್ಧವಾಗಿದ್ದರು. ಬಾಗಿಲು ಮುಚ್ಚಿತು.

ಪಾಲಾಕ್ಷಪ್ಪ ಹೊರಗಿನ ಬೆಂಚಿನ ಮೇಲೆ ಕೂರಲಿಲ್ಲ. ಹಿಂದೆ ಹೋಗಿ, ತಗಡಿನ ಮಾಡಿನ ಕೆಳಗೆ, ಜನರೇಟರಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತ. ಕುರಿ ಈಯುವಾಗ ಹೀಗೆಯೇ ಕೂರುತ್ತಾನೆ. ರಾಜಾಸಾಬ್ ಗೋಣಿಚೀಲ ತಲೆಗೆ ಹಾಕಿಕೊಂಡು ಓಡಿ ಬಂದ.

"ಡೀಸೆಲ್ ಐತೇನಲೇ ಸಾಬ?"

"ಐತಿ. ಡಬ್ಬಿ ತುಂಬ ಐತಿ. ನೀ ಉಸಿರಾಡು ಮೊದಲು."

ಬಹಳ ಹೊತ್ತು ಕಳೆಯಿತು. ಒಮ್ಮೆ ಜನರೇಟರು ಕೆಮ್ಮಿತು. ಮತ್ತೆ ಕೆಮ್ಮಿತು. ಕಿಟಕಿಯ ಬೆಳಕು ಕುಗ್ಗಿತು.

"ಏನಾತ್ರಿ?" ಒಳಗಿನಿಂದ ನಾಗಲಿಂಗಮ್ಮ ಕೂಗಿದರು.

"ಸಾಬ, ಏನಾತಲೇ ಇದಕ್ಕ?"

"ಪೈಪಿನ್ಯಾಗ ಗಾಳಿ ಹಿಡದೈತಿ. ಸ್ವಲ್ಪ ಆಚಿ ಸರಿ. ಅಳಬ್ಯಾಡ."

"ಯಾರಲೇ ಅಳಾಕ ಹತ್ಯಾರ?"

"ಮಳಿ ನೀರಿರಬೇಕು ಬಿಡು."

ರಾಜಾಸಾಬ್ ನಟ್ಟು ಸಡಿಲಿಸಿದ. ಡೀಸೆಲ್ಲು ಬುಸ್ಸೆಂದು ಅವನ ತೋಳಿಗೆ ಚಿಮ್ಮಿತು. ನಟ್ಟು ಬಿಗಿದ. ಸದ್ದು ನೇರವಾಯಿತು. ಕಿಟಕಿ ಮತ್ತೆ ಬೆಳಗಿತು. ಇಬ್ಬರೂ ಯಂತ್ರದ ಸದ್ದು ಕೇಳುತ್ತ ಕುಳಿತರು.

ಕೊನೆಗೆ ಆ ಸದ್ದಿನ ಮೇಲೆ ಇನ್ನೊಂದು ಸದ್ದು ಬಂತು. ಸಣ್ಣದು, ಸಿಟ್ಟಿನದು. ಜಂಬಕ್ಕ ಕಿಟಕಿಗೆ ಮುಖ ಇಟ್ಟಳು.

"ಏನ್ರಿ, ಇಬ್ರೂ ಆರಾಮ ಅದಾರ. ಕೂಸು ಸಣ್ಣದೈತಿ, ಆದ್ರ ಗಂಟ್ಲು ನಿಮ್ದ."

ಪಾಲಾಕ್ಷಪ್ಪ ಗಂಡೋ ಹೆಣ್ಣೋ ಎಂದು ಕೇಳಲಿಲ್ಲ.

"ಹಾಸಿಗಿ ಬೆಚ್ಚಗೈತೇನು?" ಎಂದು ಕೇಳಿದ.

ಒಳಗಿನಿಂದ ನಾಗಲಿಂಗಮ್ಮನ ದನಿ ಬಂತು. "ಸಾಬೂನು ಹಚ್ಚಿ ಕೈ ತೊಳಕೊಂಡು ಬರ್ರಿ. ನೀವ ಕೈ ಇಟ್ಟು ನೋಡ್ರಿ."

ಅವನು ಮೊಣಕೈ ತನಕ ತೊಳೆದುಕೊಂಡು ಹೋದ. ಮಂಚದ ಮೇಲೆ ಭೂಮಿಕಾ ಕಣ್ಣು ಬಿಟ್ಟು ಮಾವನನ್ನು ನೋಡುತ್ತಿದ್ದಳು. ಮೂಲೆಯ ಚಿಕ್ಕ ಹಾಸಿಗೆಯ ಮೇಲೆ ಮೊಮ್ಮಗಳು ಮುಷ್ಟಿ ಬಿಗಿದು ಮಲಗಿದ್ದಳು. ಮೇಲಿನ ಸರಳು ಕೆಂಪಗಿತ್ತು. ಅವನು ಮಗುವನ್ನು ಮುಟ್ಟಲಿಲ್ಲ. ಹಾಸಿಗೆಯ ಅಂಚಿಗೆ ಅಂಗೈ ಇಟ್ಟ. ಇಟ್ಟುಕೊಂಡೇ ನಿಂತ. ಈ ಸಲ ಅದು ತಣ್ಣಗಾಗಲಿಲ್ಲ.

ಮಳೆಗಾಲ ಮುಗಿಯುತ್ತ ಬಂದಾಗ ತಂಡ ಮತ್ತೆ ಬಂತು. ಯಾವುದಕ್ಕೂ ಬಟ್ಟೆ ಹೊದಿಸಿರಲಿಲ್ಲ. ಕೆಂಪಕ್ಷರ ಬಿಸಿಲಲ್ಲಿ ಹೊಳೆಯುತ್ತಿತ್ತು. "ಇದು ಎರವಲು. ಮಳೆಗಾಲಕ್ಕಷ್ಟ. ನಮ್ದ ಅಂತ ಇನ್ನೂ ಬಂದಿಲ್ಲ, ಬರಕೊಳ್ರಿ" ಎಂದ ಪಾಲಾಕ್ಷಪ್ಪ. "ಹಳ್ಳಕ್ಕ ಸೇತುವಿ ಇಲ್ಲ. ಅದನ್ನ ಮೊದಲು ಬರಕೊಳ್ರಿ. ಆಂಬುಲೆನ್ಸ್ ಆಚಿ ದಂಡಿಗೆ ನಿಂತಿದ್ದು ನಾ ಕಣ್ಣಾರೆ ನೋಡೀನಿ." ಅಂಕ ಅರವತ್ತರ ಹತ್ತಿರ ಬಂತು. ಅವನು ಮೀಸೆ ಮುಟ್ಟಿಕೊಳ್ಳಲಿಲ್ಲ. ಉಳಿದ ನಲವತ್ತು ಯಾಕೆ ಹೋಯಿತು ಎಂದು ಕೇಳಿ ತಿಳಿದುಕೊಂಡ.

ಆ ದೀಪಾವಳಿಯ ಹೊತ್ತಿಗೆ ಕಿರಿಮಗ ಪ್ರವೀಣಕುಮಾರನಿಗೆ ಹೆಣ್ಣು ಗೊತ್ತಾಗುವುದರಲ್ಲಿತ್ತು. ಕಾನಹೊಸಹಳ್ಳಿಯ ಕಡೆಯಿಂದ ಮನೆ ನೋಡಲು ಜನ ಬಂದರು. ರಾಜಾಸಾಬ್ ಹಿಂದಿನ ದಿನವೇ ಬಂದು, "ಫ್ರಿಜ್ ತರ್ಲೇನು?" ಎಂದು ಕೇಳಿ ಬೈಸಿಕೊಂಡು ಹೋಗಿದ್ದ. ಹುಡುಗಿಯ ತಾಯಿ ನಡುಮನೆಯನ್ನು ಸುತ್ತ ನೋಡಿದಳು.

"ಫ್ರಿಜ್ ಇಲ್ರಿ" ಎಂದ ಪಾಲಾಕ್ಷಪ್ಪ, ಅವಳು ಕೇಳುವ ಮೊದಲೇ. "ಕೊಳ್ಳೋರದೀವಿ. ಸದ್ಯಕ್ಕ ಗಡಿಗಿ ನೀರು ಕುಡೀರಿ, ತಣ್ಣಗದಾವ."

ಭೂಮಿಕಾ ಕೂಸನ್ನು ಹೆಗಲಿಗೆ ಒರಗಿಸಿಕೊಂಡು ನೀರು ತಂದುಕೊಟ್ಟಳು.

ಈ ಕಥೆ ಓದಿದವರು, ಕೇಳಿದವರು ಒಂದು ಕೆಲಸ ಮಾಡಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ನಿಮ್ಮ ತಾಲೂಕು ಯಾವುದೇ ಇರಲಿ, ನಿಮ್ಮೂರ ಆಸ್ಪತ್ರೆಗೆ ಒಳ್ಳೆಯ ದಿನವೇ ಹೋಗಿ. ಜ್ವರ ಬಂದಾಗ ಹೋದರೆ ಜ್ವರದ ಮಾತೇ ಆಗುತ್ತದೆ. ಆರಾಮಿದ್ದಾಗ ಹೋಗಿ ಕೇಳಿ: ಕರೆಂಟು ಹೋದರೆ ಇಲ್ಲಿ ಏನೇನು ನಿಲ್ಲುತ್ತದೆ? ದಾರಿ ಕಡಿದರೆ ಔಷಧ ಎಷ್ಟು ದಿನಕ್ಕಿದೆ? ನರ್ಸಮ್ಮ ಇಲ್ಲದ ದಿನ ಯಾರಿದ್ದಾರೆ? ಉತ್ತರ ಸಿಗದಿದ್ದರೆ ಅವರ ಮೇಲೆ ರೇಗಬೇಡಿ. ಪಂಚಾಯಿತಿಗೆ ಹೋಗಿ ರೇಗಿ, ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ಮಳೆಗೆ ಮೊದಲೇ ಡಾಕ್ಟರನ್ನು ಕೇಳಿ ಹೆಚ್ಚಿಗೆ ಮಾತ್ರೆ ತಂದಿಟ್ಟುಕೊಳ್ಳಿ. ಮನೆಯಲ್ಲಿ ಬಸುರಿ ಇದ್ದರೆ, ದಾರಿಯಲ್ಲಿ ಹಳ್ಳ ಇದ್ದರೆ, ಸೋಮವಾರ ಹೋದರಾಯಿತು ಎನ್ನಬೇಡಿ. ಇವತ್ತೇ ದಾಟಿಸಿ.

ಅಳೆಯುವವರು ಬಂದಾಗ ಇದ್ದದ್ದನ್ನು ಇದ್ದ ಹಾಗೆ ತೋರಿಸಿ. ಕಮ್ಮಿ ಅಂಕ ಬಂದರೆ ಊರ ಮಾನ ಹೋಗುವುದಿಲ್ಲ. ಹೊದಿಸಿದ ಬಟ್ಟೆ ಎತ್ತಿ, ಸ್ವಿಚ್ ಆರಿಸಿ, ಒಳಗೆ ಹೋಗಿ ಹಾಸಿಗೆಯ ಮೇಲೆ ನಿಮ್ಮದೇ ಕೈ ಇಟ್ಟು ನೋಡಿ. ನಾಳೆ ಅಲ್ಲಿ ಮಲಗುವುದು ನಿಮ್ಮ ಮನೆಯ ಕೂಸು.